ಪರದೆ ಎದ್ದಾಗ

ಪರದೆ ಎದ್ದಾಗ ರಂಗದ ಮೇಲೆ ಯಾರಿರಬೇಕು? ಹೊಸ ಸಂಗೀತ ನಾಟಕ ಬರೆಯಲು ಕೂತವರನ್ನು ಮೊದಲು ಸತಾಯಿಸುವ ಪ್ರಶ್ನೆ ಇದು.

1943ರ ಅಮೆರಿಕದಲ್ಲಿ ಇದಕ್ಕೊಂದು ಸಿದ್ಧ ಉತ್ತರವಿತ್ತು: ನರ್ತಕಿಯರ ಗುಂಪು, ಅಬ್ಬರದ ಹಾಡು. ಗೀತರಚನಕಾರ ಆಸ್ಕರ್ ಹ್ಯಾಮರ್‌ಸ್ಟೈನ್ ಮತ್ತು ಸಂಗೀತ ಸಂಯೋಜಕ ರಿಚರ್ಡ್ ರಾಜರ್ಸ್ ಜೋಡಿ ತಮ್ಮ ಮೊದಲ ನಾಟಕ ‘ಒಕ್ಲಹೋಮ!’ದಲ್ಲಿ ಆ ದಾರಿ ಹಿಡಿಯಲಿಲ್ಲ. ಅಲ್ಲಿ ಕಾಣುವುದು ಬೆಣ್ಣೆ ಕಡೆಯುತ್ತ ಒಬ್ಬಳೇ ಕೂತ ವಯಸ್ಸಾದ ಹೆಂಗಸು. ಅಷ್ಟರಲ್ಲಿ ನೇಪಥ್ಯದಿಂದ ಕೌಬಾಯ್ ಒಬ್ಬನ ದನಿ ತೇಲಿಬರುತ್ತದೆ. ಬೆಳಗನ್ನು ಕೊಂಡಾಡುವ ಹಾಡು, ಮೊದಲಿಗೆ ಪಕ್ಕವಾದ್ಯವೂ ಇಲ್ಲ.

ಕಥೆಗೆ ಆಧಾರ ಲಿನ್ ರಿಗ್ಸ್ ಅವರ ನಾಟಕ. ಅದರ ರಂಗಸೂಚನೆಯಲ್ಲೇ ಬೇಸಿಗೆಯ ಮುಂಜಾವು, ದನಗಳು, ಎಳೆ ಮೆಕ್ಕೆಜೋಳದ ಹೊಲ ಎಲ್ಲ ಇತ್ತು. ನಟರ ಬಾಯಿಗೆ ಬಾರದ ಆ ಸೊಗಸಾದ ಮಾತುಗಳು ವ್ಯರ್ಥವಾಗಬಾರದೆಂದು ಹ್ಯಾಮರ್‌ಸ್ಟೈನ್ ಅವನ್ನೇ ಹಾಡಾಗಿಸಿದರು. ಹಿಂದೆ ಗೀತರಚನಕಾರ ಲೊರೆನ್ಜ್ ಹಾರ್ಟ್ ಜೊತೆ ದುಡಿಯುವಾಗ ರಾಜರ್ಸ್ ಸಾಮಾನ್ಯವಾಗಿ ಮೊದಲು ಮಟ್ಟು ಹಾಕುತ್ತಿದ್ದರು. ಇಲ್ಲಿ ಸಾಹಿತ್ಯ ಮೊದಲು ಬಂತು. ನಮ್ಮ ಸಿನಿಮಾದವರು ಇಂದಿಗೂ ವಾದಿಸುವ ವಿಷಯವಲ್ಲವೇ!

ಪ್ರಾಯೋಗಿಕ ಪ್ರದರ್ಶನದ ಹೊತ್ತಿಗೆ ನಾಟಕದ ಹೆಸರೇ ಬೇರೆ ಇತ್ತು. ಅದು ಮಾರ್ಚ್ 31ರಂದು ‘ಒಕ್ಲಹೋಮ!’ ಆಗಿ ಬ್ರಾಡ್‌ವೇಗೆ ಬಂದು 2,212 ಪ್ರದರ್ಶನ ಕಂಡಿತು.