ಎದೆಯ ನೋವು

2021ರ ಅಕ್ಟೋಬರ್ 29ರಂದು, ತಮ್ಮ 46ನೆಯ ವಯಸ್ಸಿನಲ್ಲಿಯೇ ಚಿತ್ರನಟ ಪುನೀತ್ ರಾಜ್‌ಕುಮಾರರು ಹೃದಯಾಘಾತದಿಂದ ಅಸ್ತಂಗತರಾದ ಮೇಲೆ, ಅದುವರೆಗೆ ಎದೆಯ ಸೆಳೆತವನ್ನು ವಾಯುವೆಂದು ಕಡೆಗಣಿಸುತ್ತಿದ್ದ ಎಷ್ಟೋ ತರುಣರು ಮೈಸೂರಿನ ಜಯದೇವ ಆಸ್ಪತ್ರೆಯ ಬಾಗಿಲಲ್ಲಿ ಸಾಲುಗಟ್ಟಿ ನಿಂತರು. ಅವರ ಆ ಭಯವನ್ನು ಹಳಿಯಲು ನನಗೆ ಮನಸ್ಸು ಬಾರದು. ತಾರುಣ್ಯದ ಎದೆನೋವು ಬಹುಮಟ್ಟಿಗೆ ಸ್ನಾಯು, ಆಮ್ಲಪಿತ್ತ, ಉದ್ವೇಗಗಳಿಂದ ಹುಟ್ಟುವುದಾದರೂ, ಅದನ್ನು ನಿಶ್ಚಯಿಸತಕ್ಕವರು ವೈದ್ಯರೇ ಹೊರತು ನಾವಲ್ಲ. ಕೊಳ್ಳೇಗಾಲದ ಪೇಟೆಯವನಿಗಾದರೆ ಆ ವೈದ್ಯರಿರುವ ಆಸ್ಪತ್ರೆ ಸಮೀಪ. ಹನೂರಿನಾಚೆಯ ಮಲೆಮಹದೇಶ್ವರನ ತಪ್ಪಲಲ್ಲಿಯೋ, ಯಳಂದೂರಿನ ಮೇಲಣ ಬಿಳಿಗಿರಿಯ ಪೋಡುಗಳೆಂಬ ಹಾಡಿಗಳಲ್ಲಿಯೋ ಇರುವವನಾದರೆ, ನೋವು ಎಡತೋಳಿಗೋ ದವಡೆಗೋ ಹಬ್ಬಿ, ಬೆವರೊಡೆದು, ಉಸಿರು ಕಟ್ಟಿದೊಡನೆ, ಬೆಳಗಾಗಲೆಂದು ಕಾಯದೆ ಆಂಬ್ಯುಲೆನ್ಸಿಗಾಗಿ 108ಕ್ಕೆ ಕರೆಮಾಡತಕ್ಕದ್ದು. ಪುನೀತರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ಬೇಕಾದವರಿಗೆ ರಕ್ತನಾಳದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವರು.