ಮನೆಯವರ ಸಾಲ, ಊರವರ ಬಡ್ಡಿ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)

ದೆವ್ವದ ಕಥೆಯ ಬಗ್ಗೆ ಸಭೆಯಲ್ಲಿ ಮಾತಾಡುವುದೇ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಲಿ. ಅಮೆರಿಕದ ‘ಸೂಪರ್‌ನ್ಯಾಚುರಲ್’ ಎಂಬ ಟೆಲಿವಿಷನ್ ಧಾರಾವಾಹಿ 2005ರಲ್ಲಿ ಆರಂಭವಾಗಿ, 15 ಸೀಸನ್, 327 ಕಂತು ನಡೆದು 2020ರಲ್ಲಿ ಮುಗಿಯಿತು. ಅದನ್ನು ನೋಡಿದವರು ಅದರ ಅಣ್ಣತಮ್ಮಂದಿರ ಮೇಲೆ ಸಿಟ್ಟಾಗುತ್ತಾರೆ. ಆ ಸಿಟ್ಟು ನ್ಯಾಯವಾದದ್ದೆಂದು ನಾವು ಹೇಳುತ್ತೇವೆ.

ಕಥೆ ಇಷ್ಟು. ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನಲ್ಲಿ ವಿಂಚೆಸ್ಟರ್ ಎಂಬ ಸಂಸಾರ. ತಂದೆ ಜಾನ್ ಮೆಕ್ಯಾನಿಕ್. 1983ರಲ್ಲಿ ತಾಯಿ ಮೇರಿಯನ್ನು ಪಿಶಾಚಿಯೊಂದು ಕೂಸಿನ ಕೋಣೆಯಲ್ಲೇ ಕೊಲ್ಲುತ್ತದೆ. ತಂದೆ ಮನೆ ಬಿಟ್ಟು ಮಕ್ಕಳೊಡನೆ ದೆವ್ವಗಳ ಬೇಟೆಗೆ ಹೊರಡುತ್ತಾನೆ. ಹಿರಿಯ ಮಗ ಡೀನ್‌ಗೆ ಆಗ 4 ವರ್ಷ, ಕಿರಿಯ ಸ್ಯಾಮ್‌ಗೆ 6 ತಿಂಗಳು. ತಮ್ಮನನ್ನು ನೋಡಿಕೋ ಎಂಬುದೇ ಹಿರಿಯವನಿಗೆ ಸಿಕ್ಕ ಪಾಠ. ಮುಂದೆ ಕಾಲೇಜಿಗೆ ಹೊರಟ ಕಿರಿಯವನಿಗೆ ಸಿಕ್ಕದ್ದು, ಹೋದರೆ ತಿರುಗಿ ಬರಬೇಡ ಎಂಬ ಅಪ್ಪಣೆ.

ಈ ಮನೆಯ ಲೆಕ್ಕದ ಪುಸ್ತಕ ತೆರೆದು ನೋಡೋಣ. 1973ರಲ್ಲಿ, ಸತ್ತ ಜಾನ್‌ನನ್ನು ಬದುಕಿಸಲು ಮೇರಿ ಪಿಶಾಚಿಯೊಡನೆ ಕರಾರು ಮಾಡಿಕೊಂಡಿದ್ದಳು. 10 ವರ್ಷದ ಮೇಲೆ ಅದು ವಸೂಲಿಗೆ ಬಂದದ್ದು ಕೂಸಿನ ತೊಟ್ಟಿಲ ಬಳಿಗೆ. ಅಡ್ಡ ಬಂದ ತಾಯಿಯೇ ಸತ್ತಳು. ಮುಂದೆ ಸಾಯುತ್ತಿದ್ದ ಡೀನ್‌ಗಾಗಿ ತಂದೆ ತನ್ನ ಆತ್ಮ ಮಾರಿದ. ಸತ್ತ ಸ್ಯಾಮ್‌ಗಾಗಿ ಡೀನ್ ತನ್ನದನ್ನು ಮಾರಿದ. ಒಂದು ವರ್ಷದ ವಾಯಿದೆ, ಆಮೇಲೆ ನರಕ. ಯಾರೂ ಇನ್ನೊಬ್ಬರನ್ನು ಕೇಳಲಿಲ್ಲ. ಉಳಿದವನು ಆ ಋಣ ಹೊತ್ತು ಬದುಕಬೇಕಾಯಿತು. ಪತ್ರಕ್ಕೆ ಸಹಿ ಹಾಕಿದವನೊಬ್ಬ, ತೀರಿಸುವವನೊಬ್ಬ ಎಂದರೆ ಏನೆಂದು ನಿಮಗೆ ವಿವರಿಸಬೇಕಾಗಿಲ್ಲ.

ಋಣ ಮನೆಯ ಹೊಸಿಲು ದಾಟಿದ್ದು 2013ರ ಕಂತುಗಳಲ್ಲಿ. ನರಕದ ಬಾಗಿಲನ್ನು ಶಾಶ್ವತವಾಗಿ ಮುಚ್ಚುವ ಕೊನೆಯ ಪರೀಕ್ಷೆಯನ್ನು ಸ್ಯಾಮ್ ಮುಗಿಸುತ್ತಿದ್ದ. ಮುಗಿಸಿದರೆ ಅವನ ಪ್ರಾಣ ಹೋಗುತ್ತಿತ್ತು, ಡೀನ್ ತಡೆದ. ಬಾಗಿಲು ತೆರೆದೇ ಉಳಿಯಿತು. ಒಡಹುಟ್ಟಿದವನನ್ನು ಉಳಿಸಿಕೊಂಡವನನ್ನು ಬೈಯುವುದು ಕಷ್ಟ. ಆದರೆ ಮುಂದೆ ಮಾಡಿದ್ದನ್ನು ಕ್ಷಮಿಸಲಾಗದು. ಆ ಕಥೆಯಲ್ಲಿ ದೇವದೂತನೊಬ್ಬ ಮನುಷ್ಯನ ಮೈಯೊಳಗೆ ಹೋಗಲು ಅವನ ಒಪ್ಪಿಗೆ ಬೇಕು. ಸ್ಯಾಮ್ ಪ್ರಜ್ಞೆ ತಪ್ಪಿ ಮಲಗಿದ್ದಾಗ ದೇವದೂತನು ಅಣ್ಣನ ವೇಷದಲ್ಲಿ ಬಂದು ಹೂಂ ಎನ್ನಿಸಿಕೊಂಡ. ಡೀನ್ ಅದಕ್ಕೆ ಜೊತೆಗೂಡಿದ. ಎಚ್ಚರವಾದ ತಮ್ಮನಿಂದ ವಿಷಯವನ್ನು ಮುಚ್ಚಿಟ್ಟ. ಕಡೆಗೆ ಆ ದೇವದೂತನು ಸ್ಯಾಮ್‌ನ ಕೈಯಿಂದಲೇ ಕೆವಿನ್ ಟ್ರಾನ್ ಎಂಬ ಹುಡುಗನನ್ನು ಕೊಂದ. ಕೆವಿನ್ ಈ ಮನೆಯವನಲ್ಲ. ಕಾಲೇಜಿನ ಕನಸು ಕಂಡಿದ್ದ ಜಾಣ ಹುಡುಗ, ಇವರ ಕೆಲಸಕ್ಕೆ ಎಳೆಯಲ್ಪಟ್ಟವನು. ಅವನಿಗೂ ಒಬ್ಬ ತಾಯಿಯಿದ್ದಳು.

ನಿನ್ನ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದು ಸ್ಯಾಮ್ ಮುಂದೆ ಅಣ್ಣನ ಮುಖಕ್ಕೇ ಹೇಳುತ್ತಾನೆ. ತಮ್ಮನಿಗೆ ಕರುಳಿಲ್ಲ ಎಂದು ನೊಂದುಕೊಂಡ ಪ್ರೇಕ್ಷಕರುಂಟು. ನಮ್ಮ ಅಭಿಪ್ರಾಯದಲ್ಲಿ ಆ ಮನೆಯಲ್ಲಿ ಲೆಕ್ಕ ಸರಿಯಾಗಿ ಹೇಳಿದ ಮಾತು ಅದು.

ಮನೆಜಗಳವಿಲ್ಲದೆ ಧಾರಾವಾಹಿ ನಡೆಯುವುದು ಹೇಗೆ ಎಂದು ಕೇಳಬಹುದು. ಜಗಳ ಬೇಡವೆಂದು ಯಾರು ಹೇಳಿದರು? 2010ರಲ್ಲಿ, ಐದನೆಯ ಸೀಸನ್ನಿನ ಕೊನೆಗೆ, ಲೋಕವನ್ನು ಉಳಿಸಲು ಸ್ಯಾಮ್ ಸೈತಾನನನ್ನು ಮೈಯಲ್ಲಿ ಹೊತ್ತು ಪಾತಾಳದ ಕೂಪಕ್ಕೆ ಹಾರುತ್ತಾನೆ. ಡೀನ್ ಅದಕ್ಕೂ ವಿರೋಧವಾಗಿದ್ದ, ವಾದ ಮಾಡಿದ. ಕೊನೆಗೆ, ತಮ್ಮ ಬೆಳೆದವನು, ತೀರ್ಮಾನ ಅವನದು ಎಂದು ಒಪ್ಪಿದ. ಅದನ್ನು ನೋಡಿದರೆ ದುಃಖವಾಗುತ್ತದೆ, ಸಿಟ್ಟು ಬರುವುದಿಲ್ಲ. ಕಥೆಯನ್ನು ಹುಟ್ಟುಹಾಕಿದ ಎರಿಕ್ ಕ್ರಿಪ್ಕೆ ಅಲ್ಲಿಗೆ ಅದರ ಮುಖ್ಯ ಹೊಣೆಯಿಂದ ಇಳಿದರು. ಆದರೆ ಧಾರಾವಾಹಿ ಇನ್ನೂ 10 ಸೀಸನ್ ಓಡಿತು. ಪ್ರತಿ ವರ್ಷ ಹೊಸ ಜಗಳ ಬೇಕು. ಅದಕ್ಕಾಗಿ, ಕಲಿತ ಪಾಠವನ್ನು ಅಣ್ಣತಮ್ಮಂದಿರು ಪ್ರತಿ ವರ್ಷ ಮರೆಯಬೇಕು. ಪ್ರೇಕ್ಷಕನನ್ನು ರೇಗಿಸಿದ್ದು ಇದೇ.

ಮಿತ್ರರೇ, ಕಥೆ ನೋಡಬೇಡಿ ಎಂದು ನಾವು ಹೇಳುವುದಿಲ್ಲ. ನೋಡುವಾಗ ಎರಡು ಪ್ರಶ್ನೆ ಕೇಳಿ. ಪ್ರೀತಿಯ ಹೆಸರಿನಲ್ಲಿ ನಡೆದ ಈ ತೀರ್ಮಾನಕ್ಕೆ ಯಾರ ಒಪ್ಪಿಗೆ ಪಡೆದರು? ಇದರ ಬೆಲೆ ತೆರುವವರು ಯಾರು? ಈ ಎರಡನ್ನೂ ಕೇಳಲು ಕಲಿತ ಹುಡುಗ, ಹುಡುಗಿ ನಾಳೆ ತಮ್ಮ ಮನೆಯಲ್ಲೂ ಅದನ್ನೇ ಕೇಳುತ್ತಾರೆ. ಕೇಳಿದಾಗ ಹಿರಿಯರಾದ ನಾವು ಗದರಿಸದೆ ಉತ್ತರ ಕೊಡಬೇಕು.