ನಿಂತ ಕಾರಿನ ಟೈರ್

(ಸ್ವಸಹಾಯ ಸಂಘಗಳ ಸದಸ್ಯರಿಗೂ ವಾಹನ ಚಾಲಕರಿಗೂ ನೀಡಿದ ಮಾಹಿತಿ ಉಪನ್ಯಾಸ)



ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಕಾರು ಇದೆ, ಓಡಿಸುವವರು ಊರಲ್ಲಿಲ್ಲ. ಮಗ ಗಲ್ಫಿನಲ್ಲಿ, ಕಾರು ಅಂಗಳದಲ್ಲಿ. ರಜೆಗೆ ಬಂದ ಕೂಡಲೇ ಗಾಳಿ ಹಾಕಿಸಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಘಾಟಿ ಹತ್ತುತ್ತಾರೆ. ಕೇಳಿದರೆ, "ಟೈರಿಗೇನೂ ಆಗಿಲ್ಲ, ಗ್ರಿಪ್ ಹಾಗೇ ಇದೆ" ಅಂತಾರೆ. ಗ್ರಿಪ್ ಇರಬಹುದು. ಆದರೆ ಟೈರ್ ಓಡಿ ಸವೆಯುವುದು ಒಂದು, ನಿಂತು ಒಣಗಿ ಬಿರಿಯುವುದು ಇನ್ನೊಂದು.

ಅಡುಗೆ ಮನೆಯಲ್ಲಿ ಡಬ್ಬಿಗೆ ಎಳೆದು ಹಾಕಿದ ರಬ್ಬರ್ ಬ್ಯಾಂಡ್ ಕೆಲವು ತಿಂಗಳಲ್ಲಿ ಬಿರಿದು ತುಂಡಾಗುತ್ತದಲ್ಲಾ, ಟೈರಿನದೂ ಅದೇ ಕಥೆ. ಗಾಳಿಯಲ್ಲಿರುವ ಓಝೋನ್ ಎಂಬ ಅನಿಲವು ಎಳೆತದಲ್ಲಿರುವ ರಬ್ಬರನ್ನು ಸೀಳುತ್ತದೆ. ಬಿಸಿಲು, ಸೆಕೆ ಅದಕ್ಕೆ ಜೊತೆಯಾಗುತ್ತವೆ. ಇದನ್ನು ತಡೆಯಲೆಂದೇ ತಯಾರಕರು ರಬ್ಬರಿಗೆ ಮೇಣ ಮತ್ತು ಕೆಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಟೈರ್ ಉರುಳಿ ಬಳುಕುವಾಗ ಇವು ಮೇಲ್ಮೈಗೆ ಬರುತ್ತಿರುತ್ತವೆ. ನಿಂತ ಟೈರಿಗೆ ಆ ರಕ್ಷಣೆ ಕಡಿಮೆ. ಹಾಗಾಗಿ ವಾರಕ್ಕೊಮ್ಮೆ ಅಂಗಳದಲ್ಲೇ ಇಂಜಿನ್ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಟೈರಿಗೆ ಏನೂ ಪ್ರಯೋಜನವಿಲ್ಲ. ಹದಿನೈದು ದಿನಕ್ಕೊಮ್ಮೆ ಪೇಟೆವರೆಗೆ ಹೋಗಿ ಬನ್ನಿ.

ಪರೀಕ್ಷಿಸುವುದು ಕಷ್ಟವಲ್ಲ. ಹಗಲು ಬೆಳಕಿನಲ್ಲಿ ಟೈರಿನ ಸೈಡನ್ನು ನೋಡಿ. ಕಪ್ಪು ಬಣ್ಣ ಬೂದಿಯಂತಾಗಿದೆಯೇ? ಕೂದಲಿನಂಥ ಗೀರುಗಳಿವೆಯೇ? ರಿಮ್ಮಿನ ಹತ್ತಿರ, ಗ್ರಿಪ್ಪಿನ ಸಂದುಗಳಲ್ಲೂ ನೋಡಬೇಕು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರಿನ ಒಳಬದಿಯೂ ಕಾಣುತ್ತದೆ. ತೆಳ್ಳಗಿನ ಗೀರಾದರೆ ಟೈರ್ ಅಂಗಡಿಯವರಿಗೆ ತೋರಿಸಿ. ಬಿರುಕಿನೊಳಗೆ ಉಗುರು ಇಳಿದರೆ, ನೂಲು ಕಂಡರೆ, ಎಲ್ಲಾದರೂ ಉಬ್ಬಿದ್ದರೆ ಆ ಟೈರಿನಲ್ಲಿ ಹೋಗಲೇಬೇಡಿ. ತುಂಬಿದ ಕಾರು ವೇಗವಾಗಿ ಹೋಗುವಾಗ ಟೈರ್ ಬಿಸಿಯಾಗಿ ಅಲ್ಲಿಂದಲೇ ಒಡೆಯುತ್ತದೆ. ಸೈಡಿಗೆ ಪಂಕ್ಚರ್ ಹಾಕುವಂತೆ ಪ್ಯಾಚ್ ಹಾಕಲಾಗದು. ಬಿರಿದ ರಬ್ಬರನ್ನು ಕೂಡಿಸುವ ಔಷಧಿಯೂ ಇಲ್ಲ.

ಇನ್ನು ವಯಸ್ಸು. ಟೈರಿನ ಸೈಡಿನಲ್ಲಿ ಡಿ.ಒ.ಟಿ. ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಿ. ಆರು ವರ್ಷವಾದರೆ ಬದಲಿಸಿ ಅಂತ ಹಲವು ಕಾರು ಕಂಪನಿಗಳು ಹೇಳುತ್ತವೆ. ಹತ್ತು ವರ್ಷ ದಾಟಿದ್ದನ್ನಂತೂ ಯಾರೂ ಒಪ್ಪುವುದಿಲ್ಲ. ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಇದೇ ಲೆಕ್ಕ; ಅದನ್ನು ಯಾರೂ ನೋಡುವುದೇ ಇಲ್ಲ!

ಸಂಘದ ಸಾಲದಲ್ಲಿ ಹಳೆ ಓಮ್ನಿ ಕೊಂಡು ಶಾಲೆ ಮಕ್ಕಳ ಬಾಡಿಗೆ ಮಾಡುವ ಆಲೋಚನೆ ಇರುವವರು ಇದನ್ನು ಗಮನಿಸಿ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. ಕಂಪನಿಯಿಂದ ಬಂದ ಟೈರೇ ಇನ್ನೂ ಇದ್ದರೆ ಅದರ ಕಾಲ ಮುಗಿದಿದೆ. ಮಾರುವವರು ಪಾಲಿಶ್ ಹಚ್ಚಿ ಮಿರಮಿರ ಮಿಂಚಿಸಿರುತ್ತಾರೆ. ಸಾಬೂನು ನೀರಿನ ಬಟ್ಟೆಯಿಂದ ಒರೆಸಿ, ಆಮೇಲೆ ನೋಡಿ. ಬಿರಿದಿದ್ದರೆ ನಾಲ್ಕು ಹೊಸ ಟೈರಿನ ಬೆಲೆ ಕಳೆದೇ ವ್ಯಾಪಾರ ಮಾತಾಡಿ. ಟೈರಿನ ಖರ್ಚನ್ನೂ ಸಾಲದ ಅರ್ಜಿಯಲ್ಲೇ ಸೇರಿಸಿ. ಆಮೇಲೆ ಹಾಕಿಸೋಣ ಅಂದರೆ ಅದು ಹಾಗೇ ಉಳಿಯುತ್ತದೆ.

ಕಾರನ್ನು ನೆರಳಲ್ಲಿ ನಿಲ್ಲಿಸಿ. ಚಾಲಕರ ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿ ಬರೆದಷ್ಟು ಗಾಳಿ ಇರಲಿ, ಕಡಿಮೆಯಾದರೆ ಸೈಡು ಮಡಚಿ ಬೇಗ ಬಿರಿಯುತ್ತದೆ. ಡೀಸೆಲ್, ಸೀಮೆಎಣ್ಣೆ ಹಚ್ಚಿ ಹೊಳಪು ತರಿಸುವ ಅಭ್ಯಾಸ ಬೇಡ, ಅವು ರಬ್ಬರನ್ನು ಹಾಳುಮಾಡುತ್ತವೆ. ವೆಲ್ಡಿಂಗ್ ನಡೆಯುವ ಶೆಡ್ಡಿನ ಪಕ್ಕವೂ ಬೇಡ, ಅಲ್ಲಿ ಓಝೋನ್ ಹುಟ್ಟುತ್ತದೆ. ವರ್ಷಗಟ್ಟಲೆ ನಿಲ್ಲಿಸುವುದಾದರೆ ಗ್ಯಾರೇಜಿನವರಿಂದ ಸ್ಟ್ಯಾಂಡ್ ಮೇಲೆ ಎತ್ತಿಸಿಡಿ.

ಕಳಚಿದ ಟೈರನ್ನು ಹಿತ್ತಲಲ್ಲಿ ಎಸೆಯಬೇಡಿ, ಮಳೆನೀರು ನಿಂತು ಡೆಂಗಿ ಸೊಳ್ಳೆ ಮರಿಹಾಕುತ್ತದೆ. ಅಂಗಡಿಗೇ ಕೊಡುವುದಾದರೆ ಸೈಡನ್ನು ನಿಮ್ಮೆದುರೇ ಕೊಯ್ಯಿಸಿ ಕೊಡಿ, ಇನ್ನೊಬ್ಬರ ಗಾಡಿಗೆ ಹೋಗದಂತೆ.